ಹಲ್ಲುಗುರುತಿನ ಸುಳ್ಳುಮೀನು

ಗಾಳದಂಗಡಿಗೆ ಕಾಲಿಟ್ಟ ಟೈಲರಮ್ಮ ಮೊದಲು ಮಾಡಿದ ಕೆಲಸವೆಂದರೆ, ಅಂಗಡಿಯವನು ಗಾಜಿನ ಮೇಜಿನ ಮೇಲೆ ಹರಡಿದ, ಗಾಳಕ್ಕೆ ಕಟ್ಟುವ ಪ್ಲಾಸ್ಟಿಕ್ ಮೀನುಗಳಲ್ಲಿ ನಾಲ್ಕನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿದ್ದು. ಇಪ್ಪತ್ತು ವರ್ಷ ಬಟ್ಟೆಗೆ ದಾರ ಹೊಂದಿಸಿದ ಕಣ್ಣು ಅದು. ಟ್ಯೂಬ್‌ಲೈಟಿನ ಕೆಳಗೆ ನೀಲಿ ಹಸಿರಾಗಿಬಿಡುತ್ತದೆ, ಗುಲಾಬಿ ಬೂದಿಯಾಗಿಬಿಡುತ್ತದೆ. ಬಣ್ಣ ಯಾವುದೆಂದು ಹಗಲನ್ನೇ ಕೇಳಬೇಕು. ಮೀನುಗಳ ಮುಳ್ಳುಗಳಿಗೆ ರಬ್ಬರ್ ಟೋಪಿ ತೊಡಿಸಿದ್ದರಿಂದ ಅವಳ ಅಂಗೈ ಉಳಿಯಿತು.

"ಅಕ್ಕಾ, ಮದುವೆಗೆ ಬಟ್ಟೆ ಆರಿಸ್ತಿದೀರಾ?" ಎಂದ ಅಂಗಡಿಯವನು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದ ಮನುಷ್ಯ.

"ಬಣ್ಣ ನೋಡಬೇಡ್ವಾ?"

"ನೋಡಿ, ಬೇಡ ಅನ್ನಲ್ಲ. ಆದ್ರೆ ಅದನ್ನ ನುಂಗೋದು ನೀವಲ್ಲವಲ್ಲ! ನೀರೊಳಗೆ ನಮ್ಮಂಗಡಿಗಿಂತ ಕೆಟ್ಟ ಲೈಟು. ಎರಡಾಳು ಕೆಳಗೆ ಹೋದ್ರೆ ನಿಮ್ಮ ಕೈಲಿರೋ ಕೆಂಪು ಕಪ್ಪಾಗಿ ಕೂತಿರುತ್ತೆ."

ಟೈಲರಮ್ಮ ನಾಲ್ಕನ್ನೂ ತಂದು ಮೇಜಿನ ಮೇಲಿಟ್ಟಳು. ಬೈಸಿಕೊಂಡ ಹುಡುಗಿಯ ಹಾಗೆ ಇಟ್ಟಳು. ಅವಳ ಅಂಗಡಿಗೆ ಬಂದು "ಯಾವುದಾದ್ರೂ ಒಂದು ದಾರ ಕೊಡಿ" ಎನ್ನುವವರನ್ನು ಕಂಡರೆ ಅವಳಿಗೆ ಎಷ್ಟು ಮೈಯುರಿಯುತ್ತಿತ್ತೋ, ಇವತ್ತು ತಾನೇ ಅಂಥವಳಾಗಿ ಬಂದು ನಿಂತಿದ್ದಳು. ಯಾವುದಾದರೂ ಒಂದು ಮೀನು ಕೊಡಿ.

"ಹೊಸಬರಾ?"

"ಹೊಸಬಳು ಅಂದ್ರೆ… ಇವತ್ತಿನವರೆಗೆ ಕೋಲು ಮುಟ್ಟಿದವಳೇ ಅಲ್ಲ."

"ಹಾಗಾದ್ರೆ ಕೇಳಿಸ್ಕೊಳ್ಳಿ. ಬಣ್ಣ ಕೊನೇದು. ಮೊದಲು ತೂಕ. ಕೋಲಿನ ಹಿಡಿ ಮೇಲೆ ಬರೆದಿರುತ್ತೆ, ಇಷ್ಟು ಗ್ರಾಮಿನಿಂದ ಇಷ್ಟು ಗ್ರಾಮು ಅಂತ. ಅದಕ್ಕಿಂತ ಹಗುರ ಕಟ್ಟಿದ್ರೆ ನಿಮ್ಮ ಕಾಲಬುಡದಲ್ಲೇ ಬೀಳುತ್ತೆ, ಭಾರ ಕಟ್ಟಿದ್ರೆ ಕೋಲು ಹೋಗುತ್ತೆ. ಆಮೇಲೆ ಜಾಗ. ಎಲ್ಲಿ ನಿಂತು ಎಸೀತೀರಿ? ಮರಳಾ, ಕಲ್ಲಾ?"

"ಕಲ್ಲು. ಅಲೆಗೆ ಅಡ್ಡ ಗೋಡೆ ಕಟ್ಟಿದಾರಲ್ಲ, ಅಲ್ಲಿ."

"ಕಲ್ಲು ಅಂದ್ರೆ ತೇಲೋ ಮೀನು. ಈ ತಗಡಿಂದು, ಸೀಸದ್ದು ಇದೆಯಲ್ಲ, ದೂರ ಹೋಗುತ್ತೆ ನಿಜ, ಆದ್ರೆ ಹೊಸಬರ ಕೈಲಿ ಸೀದಾ ಕಲ್ಲಿನ ಸಂದಿಗೆ. ಇದು ನೋಡಿ, ಮೂತಿ ಕೆಳಗೆ ನಾಲಿಗೆ ಥರ ಒಂದು ಚೂರು ಇದೆ. ಬಿಟ್ರೆ ತೇಲುತ್ತೆ, ಎಳೆದ್ರೆ ಮುಳುಗಿ ಈಜುತ್ತೆ. ನಿಧಾನ ಸುತ್ತಬೇಕು. ಜೋರಾಗಿ ಸುತ್ತಿದ್ರೆ ಇದೂ ತಳ ನೋಡ್ಕೊಂಡು ಬರುತ್ತೆ." ಅವನು ಕೊನೆಗೂ ಹಣೆಯ ಮೇಲಿದ್ದ ಕನ್ನಡಕವನ್ನು ಕಂಡುಕೊಂಡು ಕಣ್ಣಿಗಿಳಿಸಿ ಅವಳನ್ನು ಸರಿಯಾಗಿ ನೋಡಿದ. "ಹೆಂಗಸರು ಒಬ್ಬರೇ ಕಲೀಬೇಕು ಅಂತ ಬಂದಿದ್ದು ನೀವೇ ಮೊದಲು. ಏನಕ್ಕಾ, ಮನೇಲಿ ಜಗಳವಾ?"

"ನಮ್ಮನೆಯವರದ್ದು ಈ ಹುಚ್ಚು. ಅವರಿಗೆ ಹುಷಾರಿಲ್ಲ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ, ಮಾತಿಲ್ಲ. ನಾನು ಎಸೀಬೇಕು, ಅವರು ನೋಡಬೇಕು, ಅಷ್ಟೇ."

"ಯಾರು ನಿಮ್ಮನೆಯವರು?"

"ಲಿಫ್ಟ್ ರಿಪೇರಿ ಮಾಡ್ತಿದ್ರು…"

"ಲಿಫ್ಟಣ್ಣ!" ಅವನು ಸ್ಟೂಲಿನಿಂದ ಎದ್ದೇ ಬಿಟ್ಟ. "ಐದಾರು ತಿಂಗಳಿಂದ ಪತ್ತೆ ಇಲ್ಲ, ಬೇರೆ ಊರಿಗೆ ಹೋದ್ರೇನೋ ಅಂದ್ಕೊಂಡಿದ್ದೆ. ಅಯ್ಯೋ ದೇವರೇ!" ಆಮೇಲೆ ಮೇಜಿನ ಮೇಲೆ ಹರಡಿದ್ದನ್ನೆಲ್ಲ ಎರಡೂ ಕೈಯಿಂದ ಬಾಚಿ ತಟ್ಟೆಗೆ ತುಂಬಿ ಒಳಗಿಟ್ಟ. "ನಿಮಗೆ ಇದ್ಯಾವುದೂ ಬೇಡ. ಅವರ ಹತ್ರ ಒಂದಿದೆಯಲ್ಲ! ಬೆರಳುದ್ದ, ಇದೇ ಥರ ನಾಲಿಗೆ ಇರೋದು. ಬಣ್ಣ ಮಾತ್ರ ಕೇಳಬೇಡಿ, ಬಣ್ಣ ಎಲ್ಲಿತ್ತು? ಮೀನು ತಿಂದು ಮುಗಿಸಿದ್ವು. ಮೈ ತುಂಬ ಹಲ್ಲಿನ ಗುರುತು, ಥೇಟ್ ಜರಡಿ. ಹೊಸದು ತಗೊಳ್ಳಿ ಅಂತ ಎಷ್ಟು ಸಲ ಹೇಳಿಲ್ಲ ನಾನು! 'ಇದರ ಮೇಲೆ ಮೀನೇ ಸಹಿ ಹಾಕಿದೆ ಮಾರಾಯ, ನಿನ್ನದರ ಮೇಲೆ ಬರೀ ಕಂಪನಿ ಹಾಕಿದೆ' ಅನ್ನೋರು."

ಟೈಲರಮ್ಮನಿಗೆ ಆ ಮಾತು ಗಂಡನ ದನಿಯಲ್ಲೇ ಕೇಳಿಸಿತು. ಐದು ತಿಂಗಳಿಂದ ಕೇಳದ ದನಿ.

"ಅದರ ಹಾಗಿರೋದು ಇನ್ನೂ ಐದು ನನ್ನ ಹತ್ರಾನೇ ತಗೊಂಡ್ರು" ಎಂದು ಅವನು ಮುಂದುವರಿಸುತ್ತಲೇ ಇದ್ದ. "ಒಂದೂ ಅದರ ಹಾಗೆ ಈಜಲಿಲ್ವಂತೆ. ಹಲ್ಲಿನ ತೂತಲ್ಲಿ ನೀರು ಸೇರಿ ಸೇರಿ ಅದಕ್ಕೇ ಒಂದು ನಡಿಗೆ ಬಂದಿತ್ತು ಅಕ್ಕಾ, ಹೊಟ್ಟೆ ಕುಲುಕಿಸ್ಕೊಂಡು… ಹೇಳಿದ್ರೆ ಗೊತ್ತಾಗಲ್ಲ, ನೋಡಬೇಕು. ಲಿಫ್ಟಣ್ಣ ನೂರು ಮೀನಿನ ಮಧ್ಯೆ ಅದನ್ನ ಗುರುತು ಹಿಡೀತಾರೆ. ಮನೆಗೆ ಹೋಗಿ ಪೆಟ್ಟಿಗೆ ತೆಗೀರಿ. ಎಲ್ಲಕ್ಕಿಂತ ಕೆಟ್ಟದಾಗಿ ಕಾಣೋದು ಯಾವುದೋ, ಅದನ್ನ ಕಟ್ಟಿ."

ಅಲ್ಲೇ ಇತ್ತು ಪೇಚು. ಪೆಟ್ಟಿಗೆಯಲ್ಲಿ ಕೆಟ್ಟದಾಗಿ ಕಾಣುವುದು ಒಂದೂ ಇರಲಿಲ್ಲ. ಒಂದೂ ಇರದ ಹಾಗೆ ಟೈಲರಮ್ಮ ತನ್ನ ಕೈಯಾರೆ ನೋಡಿಕೊಂಡಿದ್ದಳು.

*

ಆಗಿದ್ದು ಹೀಗೆ. ಲಿಫ್ಟಣ್ಣ ಆಸ್ಪತ್ರೆಯಲ್ಲಿದ್ದ ಇಪ್ಪತ್ತಮೂರು ದಿನ ಅವಳಿಗೆ ಒಳಗೆ ಹೋಗಲು ಬಿಟ್ಟಿದ್ದು ದಿನಕ್ಕೆ ಒಂದೇ ಗಂಟೆ. ಉಳಿದ ಹೊತ್ತು ಹೊರಗಿನ ಬೆಂಚು. ಹೊಲಿಗೆ ಮಿಷನ್ನನ್ನು ಬೆಂಚಿಗೆ ಹೊತ್ತು ತರಲಾಗುತ್ತದೆಯೇ? ಸುಮ್ಮನೆ ಕೂತು ಅವಳಿಗೆ ಅಭ್ಯಾಸವಿರಲಿಲ್ಲ. ಎರಡನೆಯ ದಿನವೋ ಮೂರನೆಯ ದಿನವೋ ಮಂಚದ ಕೆಳಗಿನಿಂದ ಅವನ ಮೀನಿನ ಪೆಟ್ಟಿಗೆ ಎಳೆದು ಚೀಲಕ್ಕೆ ಹಾಕಿಕೊಂಡು ಬಂದಳು. ಮಗಳು ಚಿಕ್ಕವಳಿದ್ದಾಗ ಅದರೊಳಗಿನವಕ್ಕೆ 'ಸುಳ್ಳುಮೀನು' ಎಂದು ಹೆಸರಿಟ್ಟಿದ್ದಳು. ಮನೆಯಲ್ಲಿ ಆ ಹೆಸರೇ ನಿಂತಿತ್ತು. ತೆರೆದು ನೋಡಿದರೆ ಹದಿನಾಲ್ಕು ಸುಳ್ಳುಮೀನು, ಒಂದಕ್ಕಿಂತ ಒಂದು ಹಾಳು. ಗೀರಿದ್ದು, ಸಿಪ್ಪೆಯೆದ್ದಿದ್ದು, ತೂತು ಬಿದ್ದಿದ್ದು. ಪಾಪ, ಹೊಸದು ಕೊಂಡುಕೊಳ್ಳದೆ ಇವುಗಳಲ್ಲೇ ಕಾಲ ಹಾಕುತ್ತಿದ್ದರಲ್ಲ ಎಂದು ಅವಳಿಗೆ ಅಳು ಬಂತು. ಹರಿದದ್ದು ಕಂಡರೆ ಹೊಲಿಯದೆ ಬಿಡುವ ಜಾತಿಯಲ್ಲ ಅವಳದು.

ಹಾಗಾಗಿ ಬೆಂಚಿನ ಮೇಲೆ ಕೂತು ಒಂದೊಂದನ್ನೇ ಮರಳುಕಾಗದದಿಂದ ಉಜ್ಜಿದಳು. ನಲ್ಲಿ ಸೋರಿದರೆ ಮೆತ್ತುವ ಎರಡು ಬಣ್ಣದ ಮೇಣವನ್ನು ಕಲಸಿ ತೂತುಗಳಿಗೆಲ್ಲ ತುಂಬಿದಳು. ಬರೀ ತೂತಿಗೆ ತುಂಬಿದರೆ ತೇಪೆ ಕಾಣುತ್ತದೆಂದು ಮೈಗೆಲ್ಲ ತೆಳ್ಳಗೆ ಸವರಿದಳು; ಅವಳ ಕೆಲಸದಲ್ಲಿ ತೇಪೆ ಕಂಡಿತು ಎಂದು ಯಾವ ಗಿರಾಕಿಯೂ ಹೇಳಿದ್ದಿಲ್ಲ. ಒಣಗಿ ಕಲ್ಲಾದ ಮೇಲೆ ಅದರ ಮೇಲೆ ಉಗುರುಬಣ್ಣ, ಮೂರು ಪದರ. ಬೆನ್ನಿಗೆ ಒಂದು ಬಣ್ಣ, ಹೊಟ್ಟೆಗೆ ಒಂದು. ಮದುಮಗಳ ಉಡುಪಿಗೆ ಹಚ್ಚಿ ಉಳಿದಿದ್ದ ಮಿನುಗುಗಳನ್ನು ಕಣ್ಣಿನ ಜಾಗಕ್ಕೆ ಅಂಟಿಸಿದಳು. ಬೆಂಚಿನಲ್ಲಿ ಪಕ್ಕ ಕೂತಿದ್ದವರು "ಏನು ಕೈಯಮ್ಮಾ ನಿಮ್ಮದು!" ಎಂದರು. ಹದಿನಾಲ್ಕನೆಯದು ಮುಗಿದ ದಿನ ಲಿಫ್ಟಣ್ಣ ಕಣ್ಣು ಬಿಟ್ಟು ಅವಳನ್ನು ಗುರುತಿಸಿದ. ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅವಳು ಯಾರಿಗೂ ಹೇಳಲಿಲ್ಲ, ಆದರೆ ಮನಸ್ಸಿನಲ್ಲಿ ನಂಬಿದ್ದಳು.

ಮನೆಗೆ ಬಂದ ಲಿಫ್ಟಣ್ಣ ಗೋಡೆಗೆ ಮುಖ ಮಾಡಿ ಮಲಗಿದ. ಮಾತೆಲ್ಲ ಹೋಗಿ 'ಅದು' ಒಂದು ಉಳಿದಿತ್ತು. ನೀರು ಬೇಕಾದರೂ ಅದು, ಬೇಡವಾದರೂ ಅದು. ಎಡಗೈ ಚೆನ್ನಾಗಿಯೇ ಇತ್ತು, ಆದರೆ ಅದನ್ನು ಅವನು ಎತ್ತುತ್ತಲೇ ಇರಲಿಲ್ಲ. ಚಮಚ ಕೊಟ್ಟರೆ ಹಿಡಿದುಕೊಂಡು ಹಾಗೇ ಕೂತಿರುತ್ತಿದ್ದ. ನಗು ಬಂದರೆ ಅಳುವಿನ ಹಾಗೆ, ಅಳು ಬಂದರೆ ನಗುವಿನ ಹಾಗೆ ಮೈ ಕುಲುಕುತ್ತಿತ್ತು. "ಸ್ವಲ್ಪ ದಿನ ಅದನ್ನ ನೋಡಿ ಏನೂ ತೀರ್ಮಾನ ಮಾಡಬೇಡಿ" ಎಂದು ನರ್ಸು ಮೊದಲೇ ಹೇಳಿದ್ದಳು. ಮಾತು ಕಲಿಸಲು ವಾರಕ್ಕೊಮ್ಮೆ ಬರುವ ಮೇಡಂ, ಬಾಗಿಲ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಹೇಳಿದ್ದು ಇನ್ನೊಂದು. "ನಾನು ಹೇಳಿಕೊಡಬಹುದು, ಬೇಕು ಅನ್ನಿಸೋದು ಅವರಿಗೇ ಬರಬೇಕು. ಮೊದಲ ಆರು ತಿಂಗಳಲ್ಲಿ ಬಂದಷ್ಟು ಸುಲಭವಾಗಿ ಆಮೇಲೆ ಬರಲ್ಲ. ಏನಾದ್ರೂ ಒಂದು, ಏನಾದ್ರೂ, ಅವರಿಗೆ ಬೇಕು ಅನ್ನಿಸೋ ಹಾಗೆ ಮಾಡಿ."

ಐದು ತಿಂಗಳು ಏನೂ ಬೇಕೆನಿಸಲಿಲ್ಲ. ಹೋದ ಗುರುವಾರ ಬೆಳಿಗ್ಗೆ ಮಗಳು ಶಾಲೆಯ ಬೂಟು ಹುಡುಕುತ್ತ ಮಂಚದ ಕೆಳಗಿನಿಂದ ಪೆಟ್ಟಿಗೆಯನ್ನು ಹೊರಗೆಳೆದಳು. ಲಿಫ್ಟಣ್ಣ ಹೊರಳಿದ. ಎಡಗೈ ಮೇಲೆದ್ದಿತು. "ಅದು" ಎಂದ. ಹಿಂದೆಂದೂ ಹೇಳಿದ ಹಾಗಲ್ಲ. ಬೇಕು ಎನ್ನುವ ಹಾಗೆ. ತಾಯಿ ಮಗಳು ಇಬ್ಬರೂ ಪೆಟ್ಟಿಗೆಯನ್ನು ಅವನ ತೊಡೆಯ ಮೇಲಿಟ್ಟು ತೆರೆದರು. ಅವನು ನೋಡಿದ. ಒಂದು ಸಾಲು ನೋಡಿದ, ಇನ್ನೊಂದು ಸಾಲು ನೋಡಿದ, ಒಂದು ಬೆರಳಿನಿಂದ ಅತ್ತಿತ್ತ ಸರಿಸಿದ. "ಅದು… ಅದು…" ಎಂದ. ಮುಚ್ಚಳ ಮುಚ್ಚಿದ. ಗೋಡೆಗೆ ತಿರುಗಿದ.

ಏನೋ ಒಂದು ಕಮ್ಮಿಯಿದೆ, ಅದನ್ನು ತಂದು ಅವರೆದುರೇ ಎಸೆದು ತೋರಿಸಿದರಾಯಿತು ಎಂದುಕೊಂಡು ಟೈಲರಮ್ಮ ಗಾಳದಂಗಡಿಗೆ ಓಡಿದ್ದಳು. ಕಮ್ಮಿಯಾದದ್ದನ್ನು ತಾನೇ ಮೂರು ಪದರ ಬಣ್ಣದ ಕೆಳಗೆ ಹೂತಿದ್ದೇನೆಂದು ಅಂಗಡಿಯವನಿಗೆ ಹೇಳಲು ಬಾಯಿ ಬರಲಿಲ್ಲ. "ಆಗಲಿ, ಪೆಟ್ಟಿಗೇಲೇ ನೋಡ್ತೀನಿ" ಎಂದಳು. ಅವನು ಗಾಳಕ್ಕೆ ಕಟ್ಟುವ ನೈಲಾನ್ ದಾರ, ಒಂದು ಸುತ್ತು ತಂಗೂಸಿ ಕೊಟ್ಟು, ಗಂಟು ಹಾಕುವುದು ಹೇಗೆಂದು ತೋರಿಸಿದ. ಗಂಟು ಮಾತ್ರ ಅವಳು ಒಂದೇ ಸಲಕ್ಕೆ ಕಲಿತಳು. ದಾರವಲ್ಲವೆ.

*

ಮನೆಗೆ ಬಂದವಳೇ ಮಿಷನ್ನಿನ ಮೇಲಿದ್ದ ಬಟ್ಟೆ ಸರಿಸಿ ಪೆಟ್ಟಿಗೆ ತೆರೆದಳು. ಬೆರಳುದ್ದ, ಮೂತಿಯ ಕೆಳಗೆ ನಾಲಿಗೆ. ಅಂಥವು ಆರು. ಆರರಲ್ಲಿ ಯಾವುದೋ ಒಂದು. ಆರೂ ಅವಳನ್ನೇ ಮಿನುಗುಗಣ್ಣು ಬಿಟ್ಟುಕೊಂಡು ನೋಡುತ್ತಿದ್ದವು.

"ಅಳಿಸಿಬಿಡು" ಎಂದಳು ಮಗಳು. ಹದಿಮೂರು ವರ್ಷದವಳು, ಎಲ್ಲಕ್ಕೂ ಒಂದು ಉತ್ತರ ನಾಲಿಗೆಯ ತುದಿಯಲ್ಲಿ ಇರುವ ವಯಸ್ಸು. "ಉಗುರುಬಣ್ಣ ತಾನೆ? ಉಗುರುಬಣ್ಣ ತೆಗೆಯೋದು ಇದೆಯಲ್ಲ ಬಾಟ್ಲಿ, ಹತ್ತಿಯಲ್ಲಿ ಒರೆಸಿದ್ರೆ ಆಯ್ತು."

ಇಷ್ಟು ಸುಲಭವೇ ಎಂದು ಟೈಲರಮ್ಮನಿಗೆ ನಗುವೇ ಬಂತು. ಒಂದನ್ನು ಎತ್ತಿಕೊಂಡು, ಹತ್ತಿ ಅದ್ದಿ, ಒರೆಸಿದಳು. ಬಣ್ಣ ಬಿಟ್ಟಿತು. ಇನ್ನಷ್ಟು ಒರೆಸಿದಳು. ಮೇಣ ಮಾತ್ರ ಅಲ್ಲಾಡಲಿಲ್ಲ, ಗೋಡೆಯ ಗಾರೆಯಂತೆ ಕೂತಿತ್ತು. ಬಿಡುತ್ತದೇನೋ ಎಂದು ಮೀನನ್ನು ಬಟ್ಟಲಲ್ಲಿ ಆ ಬಾಟ್ಲಿಯ ನೀರಿನಲ್ಲೇ ಮುಳುಗಿಸಿಟ್ಟು ಒಲೆ ನೋಡಲು ಹೋದಳು. ಬಂದು ನೋಡಿದರೆ ಮೀನಿಗೆ ಮೂತಿಯಿಲ್ಲ. ನಾಲಿಗೆ ಬಾಗಿ ಲೋಳೆಯಾಗಿತ್ತು. ಪ್ಲಾಸ್ಟಿಕ್ಕು ಕರಗಿ, ಮೇಣದ ಚಿಪ್ಪು ಮಾತ್ರ ಅರ್ಧಕ್ಕೆ ನಿಂತಿತ್ತು.

"ಅಮ್ಮಾ…" ಎಂದಳು ಮಗಳು.

"ಇದೇ ಅದಾಗಿದ್ರೆ?"

"ಆರರಲ್ಲಿ ಒಂದು ತಾನೆ. ಇರಲ್ಲ ಬಿಡು."

"ಆಗಿದ್ರೆ?"

ಮಗಳು ಬಟ್ಟಲನ್ನು ಎತ್ತಿಕೊಂಡು ಹೋಗಿ ಹಿಂದಿನ ಚರಂಡಿಗೆ ಚೆಲ್ಲಿ ಬಂದಳು. ಟೈಲರಮ್ಮ ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು ಇನ್ನೊಂದರ ಹೊಟ್ಟೆಯನ್ನು ಕೆರೆದಳು. ಬಣ್ಣ ಕಿತ್ತು, ಮೇಣ ಸಿಕ್ಕಿ, ಕೊಕ್ಕೆಯ ತುದಿ ಪಟ್ಟೆಂದು ಮುರಿಯಿತು. ಅವಳು ತನ್ನ ಕೆಲಸದ ಅಚ್ಚುಕಟ್ಟುತನವನ್ನು ಬಾಯ್ತುಂಬ ಬೈದುಕೊಂಡ ದಿನವಿದ್ದರೆ ಅದೊಂದೇ.

"ಈಜೋದು ನೋಡಿ ಅಪ್ಪ ಗುರುತು ಹಿಡೀತಾರೆ ಅಂದ್ರಂತಲ್ಲ ಅಂಗಡಿಯವರು" ಎಂದಳು ಮಗಳು. "ಐದನ್ನೂ ಒಂದೊಂದಾಗಿ ಎಸಿ. ಅಪ್ಪನೇ ಹೇಳ್ಲಿ."

"ಏನಂತ ಹೇಳ್ತಾರೆ? ಅದು ಅಂತಾನಾ?"

"ಮುಖ ನೋಡಿದ್ರೆ ಗೊತ್ತಾಗುತ್ತೆ. ನಾನು ಮುಖ ನೋಡ್ತೀನಿ, ನೀನು ಮೀನು ನೋಡು."

*

ಭಾನುವಾರ ಮೂರೂವರೆಗೆ ಗಾಲಿಕುರ್ಚಿಯನ್ನು ಅಲೆಗೆ ಅಡ್ಡ ಕಟ್ಟಿದ ಗೋಡೆಯ ಮೇಲೆ ತಂದು ನಿಲ್ಲಿಸಿದರು. ಕಾಂಕ್ರೀಟಿನ ಗೋಡೆ ಸಮುದ್ರದೊಳಕ್ಕೆ ಹೋಗಿ ಎಡಕ್ಕೆ ತಿರುಗುವ ಜಾಗ. ಕೆಳಗೆ ದೊಡ್ಡ ಕಲ್ಲುಗಳು, ಕಲ್ಲುಗಳ ನಡುವೆ ನೀರು ಉಸಿರಾಡುತ್ತಿತ್ತು. ಅವನನ್ನು ಹೊರಡಿಸಲು ಎರಡು ಗಂಟೆ ಹಿಡಿದಿತ್ತು. ಹೊರಡುವುದು ಬೇಡವೆಂದು ಬಾಗಿಲ ಚೌಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಮಗಳು ಆ ಕೈಗೆ ಗಾಳದ ಕೋಲು ಕೊಟ್ಟಾಗ ಚೌಕಟ್ಟು ಬಿಟ್ಟ.

ಗಾಳಿ ಎದುರಿನಿಂದ ಬೀಸುತ್ತಿತ್ತು. ಟೈಲರಮ್ಮ ಗಂಟು ಬಿಗಿದು, ಎಂಜಲು ಹಚ್ಚಿ, ಉಳಿದ ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ಮೊದಲ ಎಸೆತ ಕಾಲಬುಡದಲ್ಲೇ ಬಿತ್ತು. ಎರಡನೆಯದು ಹಿಂದಕ್ಕೆ ಹೋಗಿ ಗಾಲಿಕುರ್ಚಿಯ ಹಿಡಿಗೆ ಸಿಕ್ಕಿಕೊಂಡಿತು.

"ಅಪ್ಪನ್ನ ಹಿಡಿದ್ಯಲ್ಲಮ್ಮ" ಎಂದಳು ಮಗಳು. "ಒಳ್ಳೇ ಸೈಜು."

ಲಿಫ್ಟಣ್ಣನ ತುಟಿಯ ಒಂದು ಪಕ್ಕ ಅಲ್ಲಾಡಿತೋ ಇಲ್ಲವೋ.

ಮೂರನೆಯ ಎಸೆತ ನೀರಿಗೆ ಹೋಯಿತು. ಬಹಳ ದೂರವಲ್ಲ, ರಸ್ತೆಯ ಆಚೆ ಬದಿಗೆ ಬೀಗದ ಕೈ ಎಸೆದಷ್ಟು ದೂರ. ನಿಧಾನ, ನಿಧಾನ ಎಂದು ತನಗೇ ಹೇಳಿಕೊಳ್ಳುತ್ತ ಸುತ್ತಿದಳು. ಗುಲಾಬಿ ಬೆನ್ನಿನ ಮೀನು ನೀರಿನ ಮೇಲ್ಪದರದಲ್ಲಿ ಬರುವುದು ಕಾಣಿಸಿತು. ಮುಂದಕ್ಕೆ ಬಂದು ಬಲಕ್ಕೆ ವಾಲಿತು, ಮತ್ತೆ ಬಂದು ಮತ್ತೆ ಬಲಕ್ಕೆ ವಾಲಿತು. ಏನೂ ತಿಳಿಯದ ಅವಳಿಗೂ ಅದು ಈಜಿನಂತೆ ಕಾಣಲಿಲ್ಲ.

"ರೀ, ಇದಾ? ಇದೇನಾ?"

ಲಿಫ್ಟಣ್ಣ ನೀರಿನಿಂದ ಕಣ್ಣು ತೆಗೆದು ಆಚೆ ನೋಡಿದ.

"ಅಲ್ಲ" ಎಂದಳು ಮಗಳು. "ಮುಂದಿನದು ಕಟ್ಟು."

ಎರಡನೆಯ ಮೀನು, ಹಸಿರು ಬೆನ್ನಿನದು, ಇದ್ದಕ್ಕಿದ್ದ ಹಾಗೆ ಚೆನ್ನಾಗಿ ಹೋಯಿತು. ಕೈಗೆ ಅಳತೆ ಸಿಕ್ಕಿತ್ತೋ, ಗಾಳಿ ಒಂದು ಗಳಿಗೆ ನಿಂತಿತ್ತೋ, ಮೊದಲಿನದಕ್ಕಿಂತ ಎರಡು ಪಟ್ಟು ದೂರ ಹೋಗಿ ಬಿತ್ತು. "ಅಬ್ಬಾ!" ಎಂದಳು ಮಗಳು. ಟೈಲರಮ್ಮನಿಗೆ ಎದೆಯೊಳಗೆ ಏನೋ ಹಗುರವಾಯಿತು. ಆ ಖುಷಿಯಲ್ಲಿ ನಿಧಾನ ಎನ್ನುವುದು ಮರೆಯಿತು. ಮಿಷನ್ನಿನ ಗಾಲಿ ತಿರುಗಿಸುವ ಕೈ ಅದು, ವೇಗ ಹಿಡಿದರೆ ಹಿಡಿಯಿತು. ಮೀನು ತಳ ನೋಡಿಕೊಂಡು ಬಂತು. ಕಲ್ಲುಗಳ ಹತ್ತಿರ ಬರುವಾಗ ಅಲೆ ಹಿಂದೆ ಸರಿದು, ಒಂದೇ ಒಂದು ಕ್ಷಣ, ಹಸಿರು ಬೆನ್ನು ತಿಳಿನೀರಿನಲ್ಲಿ ಕಂಡಿತು.

"ಅದು!" ಎಂದ ಲಿಫ್ಟಣ್ಣ.

ಕೋಲು ಬಾಗಿತು. ದಾರ ಬಿಗಿಯಿತು.

"ಅದು! ಅದು!" ಎಡಗೈ ಚಾಚಿ, ಕುರ್ಚಿಯಿಂದ ಅರ್ಧ ಎದ್ದಿದ್ದ.

"ಮೀನಾ? ಮೀನು ಬಿತ್ತಾ?" ಎಂದು ಕೂಗುತ್ತ ಟೈಲರಮ್ಮ ಮೈಯ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆದಳು. ಮೀನಾಗಿದ್ದರೆ ಅಲ್ಲಾಡುತ್ತಿತ್ತು. ಇದು ಅಲ್ಲಾಡಲಿಲ್ಲ, ಕಲ್ಲು. ಮತ್ತೆ ಎಳೆದಳು. ತಂಗೂಸಿ ಸಿಳ್ಳೆಯಂಥ ಸದ್ದು ಮಾಡಿ, ತುಂಡಾಗಿ, ಗಾಳಿಯಲ್ಲಿ ಸುರುಳಿಯಾಗಿ ತೇಲಿ ಅವಳ ಮುಖದ ಮೇಲೆ ಬಿತ್ತು.

ಮೂವರೂ ಆ ಜಾಗವನ್ನೇ ನೋಡಿದರು. ನೀರು ಬಂತು, ಹೋಯಿತು.

"ಅಪ್ಪ, ಅದೇನಾ? ಹೋಯ್ತಲ್ಲ, ಅದೇನಾ?" ಮಗಳು ಕುರ್ಚಿಯ ಮುಂದೆ ಮಂಡಿಯೂರಿ ಅವನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ಸಿಕ್ಕಿಹಾಕ್ಕೊಳ್ಳುತ್ತೆ ಅಂತ ಕೂಗಿದ್ದಾ, ಇಲ್ಲಾ ಅದೇ ಮೀನು ಅಂತಾನಾ? ಅದೇ ಆಗಿದ್ರೆ ಒಂದು ಸಲ ಕಣ್ಣು ಮುಚ್ಚು. ಅಪ್ಪ, ಕಣ್ಣು ಮುಚ್ಚು."

ಅವನು ಕಣ್ಣು ಮುಚ್ಚಿದ. ತೆರೆದ. ಮತ್ತೆ ಮುಚ್ಚಿದ. ಎಲ್ಲರೂ ಮುಚ್ಚುವ ಹಾಗೆಯೇ ಮುಚ್ಚುತ್ತಿದ್ದ, ತೆರೆಯುತ್ತಿದ್ದ.

"ಮುಖ ನೋಡಿದ್ರೆ ಗೊತ್ತಾಗುತ್ತೆ ಅಂದ್ಯಲ್ಲ" ಎಂದಳು ಟೈಲರಮ್ಮ. ಸಿಟ್ಟಿನಿಂದ ಅನ್ನಲಿಲ್ಲ, ಆದರೂ ಮಗಳು ಅಪ್ಪನ ಕೆನ್ನೆಯಿಂದ ಕೈ ತೆಗೆದಳು.

ಟೈಲರಮ್ಮ ಚಪ್ಪಲಿ ಬಿಟ್ಟು ಕಲ್ಲುಗಳ ಕಡೆಗೆ ಎರಡು ಹೆಜ್ಜೆ ಇಳಿದಳು. ಮೂರನೆಯ ಕಲ್ಲು ಪಾಚಿಗಟ್ಟಿ ಜಾರುತ್ತಿತ್ತು. ಮೇಲಿನಿಂದ ಮಗಳು "ಅಮ್ಮಾ, ಬೇಡ! ನೀನೂ ಬಿದ್ರೆ ನಾನೇನು ಮಾಡ್ಲಿ?" ಎಂದು ಕಿರುಚಿದಳು. ಆ ಮಾತಿಗೆ ಅವಳು ನಿಂತಳು. ನಿಂತಲ್ಲಿಂದ ನೀರು ಕಾಣುತ್ತಿತ್ತು. ನೀರೊಳಗೆ ಏನೂ ಕಾಣುತ್ತಿರಲಿಲ್ಲ. ಅಲ್ಲೆಲ್ಲೋ ಒಂದಾಳು ಆಳದಲ್ಲಿ ಅವಳ ಉಗುರುಬಣ್ಣ ಕಲ್ಲಿಗೆ ಕಚ್ಚಿಕೊಂಡು ಕುಲುಕುತ್ತಿರಬೇಕು.

ಹತ್ತಿ ಬಂದು ಮೂರನೆಯದನ್ನು ಕಟ್ಟಿದಳು. ಕಟ್ಟದೆ ಏನು ಮಾಡುತ್ತಾಳೆ? ಮೂರನೆಯದು ಹೊಟ್ಟೆ ಮೇಲಾಗಿ ಬಂತು. ನಾಲ್ಕನೆಯದು ಗಿರಗಿರ ತಿರುಗುತ್ತ ಬಂದು ದಾರವನ್ನೆಲ್ಲ ಹುರಿ ಮಾಡಿತು. ಐದನೆಯದು ನೆಟ್ಟಗೆ, ಕೋಲಿನಂತೆ ಬಂತು, ಸತ್ತ ಹಾಗೆ. ಮೊದಲು ಎಸೆದಿದ್ದನ್ನು ಮತ್ತೊಮ್ಮೆ ಎಸೆದು ನೋಡಿದಳು, ಅದು ಮತ್ತೆ ಬಲಕ್ಕೇ ವಾಲಿತು, ಬಿಚ್ಚಿ ಪೆಟ್ಟಿಗೆಗೆ ಹಾಕಿದಳು. ಅಂಗಡಿಯವನು ಹೇಳಿದ್ದು ಅವಳಿಗೆ ಈಗ ಹೊಳೆಯಿತು, ಅಂಗಡಿಯಲ್ಲೇ ಹೊಳೆಯಬೇಕಾಗಿದ್ದದ್ದು: ಹಲ್ಲಿನ ತೂತಲ್ಲಿ ನೀರು ಸೇರಿ ಬಂದ ನಡಿಗೆ. ತೂತು ಮುಚ್ಚಿದ ಮೇಲೆ ನಡಿಗೆ ಎಲ್ಲಿಂದ ಬರಬೇಕು? ಆ ಮೀನು ಈ ನಾಲ್ಕರಲ್ಲೇ ಇದ್ದರೂ ಅದು ಇನ್ನು ಅದಲ್ಲ. ಮೇಣ ತುಂಬಿ, ಭಾರ ಏರಿಸಿ, ಐದನ್ನೂ ತಾನೇ ನಡೆಯಲು ಬಾರದವುಗಳನ್ನಾಗಿ ಮಾಡಿದ್ದಳು. ಇವನಿಗೆ ಗುರುತು ಸಿಗಲು ಅಲ್ಲಿ ಏನು ಉಳಿದಿತ್ತು?

ಲಿಫ್ಟಣ್ಣ ನೀರನ್ನು ನೋಡುತ್ತಿರಲಿಲ್ಲ. ಗೋಡೆ ಇದ್ದಿದ್ದರೆ ಗೋಡೆಗೆ ತಿರುಗುತ್ತಿದ್ದ. ಇಲ್ಲಿ ಗೋಡೆ ಕಾಲ ಕೆಳಗಿತ್ತು, ಅದನ್ನೇ ನೋಡುತ್ತಿದ್ದ.

"ಹೇಳಿಬಿಡಮ್ಮ" ಎಂದಳು ಮಗಳು ಮೆಲ್ಲಗೆ. "ಅವರಿಗೆ ಗೊತ್ತಾಗ್ಲಿ. ಹುಡುಕ್ತಾನೇ ಇರ್ತಾರೆ, ಪಾಪ."

ಟೈಲರಮ್ಮ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಮದುವೆಯಾದ ಹೊಸತರಲ್ಲಿ ಅವನ ಅಂಗಿಯೊಂದನ್ನು ಇಸ್ತ್ರಿಯಲ್ಲಿ ಸುಟ್ಟು, ಹೇಳಲಾಗದೆ ಮೂರು ದಿನ ಒದ್ದಾಡಿದ್ದಳು. ಆಗ ಅವನು "ಅಂಗಿ ತಾನೆ, ನಾನು ಒಳಗಿರಲಿಲ್ವಲ್ಲ" ಎಂದಿದ್ದ. ಈಗ ಅವನು ಹಾಗೆ ಅನ್ನುವಂತಿಲ್ಲ.

"ರೀ. ನಾನು… ನೀವು ಆಸ್ಪತ್ರೇಲಿದ್ದಾಗ ನಾನೇ ಬಣ್ಣ ಹಚ್ಚಿದ್ದು. ತೂತಿದ್ದಿದ್ದೆಲ್ಲ ಮುಚ್ಚಿಬಿಟ್ಟೆ. ಚೆನ್ನಾಗಿ ಕಾಣಲಿ ಅಂತ. ನಿಮ್ಮ ಆ ಮೀನು… ಎಲ್ಲಿದೆ ಅಂತ ನನಗೆ ಗೊತ್ತಿಲ್ಲರೀ. ಒಂದನ್ನ ಕರಗಿಸಿಬಿಟ್ಟೆ, ಒಂದು ಈಗ ಹೋಯ್ತು. ಇದರಲ್ಲಿದೆಯೋ, ಹೋಗಿದ್ದರಲ್ಲಿತ್ತೋ, ದೇವರಾಣೆ ನನಗೆ ಗೊತ್ತಿಲ್ಲ."

ಅವನು ಕೇಳಿಸಿಕೊಂಡ. ಎಷ್ಟು ಅರ್ಥವಾಯಿತೋ. ಹೆಗಲು ಕುಲುಕತೊಡಗಿತು. ಮೊದಲು ಹೆಗಲು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಕುರ್ಚಿ. ಗಂಟಲಿನಿಂದ ತುಂಡುತುಂಡಾಗಿ ಉಸಿರು ಬರುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

"ನಗ್ತಿದಾರೆ!" ಎಂದಳು ಮಗಳು. "ಅಮ್ಮ, ನೋಡು, ಅಪ್ಪ ನಗ್ತಿದಾರೆ!"

ಟೈಲರಮ್ಮ ನೋಡಿದಳು. ಹದಿನೇಳು ವರ್ಷ ನೋಡಿದ ಮುಖ. ಬಿಸಿಲಿಗೆ ಹಿಡಿದು ನೋಡುವಷ್ಟು ಹತ್ತಿರದಿಂದ, ಸಂಜೆಯ ಬೆಳಕು ನೇರ ಅದರ ಮೇಲೆ ಬಿದ್ದಿರುವಾಗಲೇ ನೋಡಿದಳು. ಅವಳಿಗೆ ಅದು ಅಳುವೂ ಆಗಿರಬಹುದಿತ್ತು. ಅವನ ಮಂಡಿಯ ಮೇಲೆ ಕೈಯಿಟ್ಟುಕೊಂಡು, ಅದು ಯಾವುದೇ ಆಗಿದ್ದರೂ ಮುಗಿಯಲಿ ಎಂದು ಕಾದಳು.

ಮುಗಿಯಿತು. ಆಮೇಲೆ ಅವನ ಎಡಗೈ ಕೆಳಗಿಳಿದು ಪೆಟ್ಟಿಗೆಯನ್ನು ತಡಕಿತು. ಒಂದು ಮೀನನ್ನು ಎತ್ತಿಕೊಂಡಿತು, ಬಲಕ್ಕೆ ವಾಲುತ್ತಿದ್ದದ್ದು. ಮುಳ್ಳು ಚುಚ್ಚೀತೆಂದು ಮಗಳು ಕೈ ಚಾಚಿದಳು, ಅವನು ಕೊಡಲಿಲ್ಲ. ಮೀನನ್ನು ತೊಡೆಗೆ ಒತ್ತಿ ಹಿಡಿದು ಹೆಬ್ಬೆರಳ ಉಗುರಿನಿಂದ ಕೆರೆಯತೊಡಗಿದ. ಐದು ತಿಂಗಳು ಚಮಚ ಎತ್ತದ ಕೈ. ಗುಲಾಬಿ ಬಣ್ಣ ಪುಡಿಪುಡಿಯಾಗಿ ಉಗುರಿನಡಿ ಸೇರುತ್ತಿತ್ತು, ಒಂದಿಷ್ಟು ಗಾಳಿಗೆ ಹಾರುತ್ತಿತ್ತು. ಕೆರೆದ, ಊದಿದ, ಹತ್ತಿರ ಹಿಡಿದು ನೋಡಿದ, ಮತ್ತೆ ಕೆರೆದ.

"ರೀ, ಕೆಳಗಿರೋದು ಬಿಡಲ್ಲ" ಎಂದಳು ಟೈಲರಮ್ಮ. "ಕೊಕ್ಕೇನೇ ಮುರೀತು. ಉಗುರು ಕಿತ್ಕೊಂಡು ಬರುತ್ತೆ. ಬಿಡ್ರೀ."

ಅವನು ಬಿಡಲಿಲ್ಲ. ಬಣ್ಣ ಮುಗಿದು ಮೇಣ ಸಿಕ್ಕಿತು; ಉಗುರಿನ ಸದ್ದು ಬೇರೆಯಾಯಿತು, ಗಾಜಿನ ಮೇಲೆ ಗೀರಿದಂತೆ. ಅಲ್ಲಿಂದ ಮುಂದೆ ಒಂದು ಪುಡಿಯೂ ಬೀಳಲಿಲ್ಲ. ಅವನು ಕೆರೆಯುತ್ತಲೇ ಇದ್ದ. ಹುಡುಕುತ್ತಿದ್ದಾನೋ, ಅವಳ ಕೆಲಸವನ್ನು ಕಿತ್ತೊಗೆಯುತ್ತಿದ್ದಾನೋ, ಕೈಗೆ ಏನೋ ಒಂದು ಸಿಕ್ಕಿತೆಂದು ಬಿಡಲಾಗದೆ ಕೂತಿದ್ದಾನೋ, ಕೇಳಿದರೆ ಉತ್ತರ ಒಂದೇ.

ಹೊತ್ತು ಇಳಿಯಿತು. ಅತ್ತಕಡೆ ಗಾಳ ಹಾಕುತ್ತಿದ್ದವರು ಚೀಲ ಕಟ್ಟಿ, ಇವರ ಕುರ್ಚಿಯನ್ನು ಬಳಸಿಕೊಂಡು ಹೋದರು. ಮಗಳು ಹುರಿಯಾದ ದಾರವನ್ನು ಬಿಡಿಸುತ್ತ ಕೂತಿದ್ದಳು.

"ಹೋಗೋಣ್ವಾ?" ಎಂದು ಕೇಳಿದಳು ಟೈಲರಮ್ಮ.

"ಅದು" ಎಂದ ಲಿಫ್ಟಣ್ಣ, ತಲೆಯೆತ್ತದೆ.

ಹೋಗೋಣವೆಂದೋ, ಇನ್ನೂ ಸ್ವಲ್ಪ ಹೊತ್ತೆಂದೋ. ಅವಳು ಗಾಲಿಕುರ್ಚಿಯ ಬ್ರೇಕಿನ ಮೇಲೆ ಇಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವನ ಉಗುರಿನ ಬುಡದಲ್ಲಿ ರಕ್ತ ಕಾಣಿಸುತ್ತಿತ್ತು. ಗುಲಾಬಿ ಪುಡಿಯ ನಡುವೆ ಅದು ಯಾವುದು, ಇದು ಯಾವುದು ಎಂದು ಆ ಬೆಳಕಿನಲ್ಲಿ ಹೇಳಲಾಗುತ್ತಿರಲಿಲ್ಲ. ಚೀಲದಿಂದ ಬಟ್ಟೆಯ ತುಂಡೊಂದನ್ನು ತೆಗೆದು, ಅವನು ನಿಲ್ಲಿಸಿದಾಗ ಕಟ್ಟೋಣವೆಂದು ಕೈಯಲ್ಲಿ ಹಿಡಿದುಕೊಂಡು ಕೂತಳು.